ಬಾಲ ಹಚ್ಚಿದ ಇಂಗ್ಲಿಷ್

ನಮ್ಮ ಓಣಿಯಲ್ಲಿ ಇಂಗ್ಲಿಷ್ ಬಾರದವರು ಯಾರೂ ಇಲ್ಲ. ನಂಬಿಕೆ ಬರದಿದ್ದರೆ ಒಂದು ದಿನ ಬೆಳಿಗ್ಗೆ ಜಮಖಂಡಿಗೆ ಬಂದು ನಮ್ಮ ಮನೆಯ ಕಟ್ಟೆಯ ಮೇಲೆ ಕೂಡಿರಿ, ಚಹಾ ನಾನೇ ಕೊಡುತ್ತೇನೆ. ಕರೆಂಟು ಹೋದರೆ ಇಲ್ಲಿ ಕಟಾಫು. ಫೋನು ಹತ್ತದಿದ್ದರೆ ಸ್ವಿಚ್ಚಾಫು. ಹಿಪ್ಪರಗಿಯ ಬಸ್ಸು ದಾರಿಯಲ್ಲಿ ನಿಂತರೆ ಬ್ರೇಕ್‌ಡೌನು. ಎದುರು ಮನೆಯ ಮುದುಕಿ ತಿಂಗಳಿಗೊಮ್ಮೆ ಇಳಕಲ್ಲ ಸೀರೆ ಉಟ್ಟು ಚೆಕಪ್ಪಿಗೆ ಹೋಗುತ್ತಾಳೆ. ಪಕ್ಕದ ಮನೆಯಾಕೆ ಹೊಸ ಅಡುಗೆಮನೆ ಕಟ್ಟಿಸಿ ನನ್ನನ್ನು ಕರೆದು, ‘ಸೆಟಪ್ಪ ಹೆಂಗೈತಿ ನೋಡ್ರಿ’ ಎಂದಳು. ಇವರಲ್ಲಿ ಅರ್ಧ ಜನ ಸಾಲಿಯ ಮೆಟ್ಟಿಲು ಹತ್ತಿದವರಲ್ಲ.

ಇವತ್ತು ಬೆಳಿಗ್ಗೆ ಹಾಲು ಹಾಕುವ ಮಲ್ಲಪ್ಪ ತಡವಾಗಿ ಬಂದ. ಬೈಕಿಗೆ ಒಂದು ಒದೆ ಕೊಟ್ಟು, ‘ಪಿಕಪ್ಪ ಇಲ್ರಿ ಅಕ್ಕಾರ, ಏರ ಹತ್ತವಲ್ದು’ ಎಂದ. ನಾನು ಹಾಲಿನ ಪಾತ್ರೆ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟೆ. ಪಿಕ್ ಬೇರೆ, ಅಪ್ ಬೇರೆ, ಎರಡೂ ಕೂಡಿದರೆ ಮೂರನೆಯದೇ ಏನೋ ಒಂದು ಆಗುತ್ತದೆ ಎನ್ನುವುದು ಅವನಿಗೆ ಗೊತ್ತಿಲ್ಲ. ಗೊತ್ತಿಲ್ಲದೆ ಆರಾಮಾಗಿದ್ದಾನೆ. ನನಗೆ ಗೊತ್ತು, ಒಂದಲ್ಲ, ನೂರಾರು ಗೊತ್ತು. ಅದನ್ನು ಕಲಿತು ನನಗೇನಾಯಿತು ಎಂದು ಹೇಳುತ್ತೇನೆ. ಕೇಳಿದರೆ ನಿಮಗೆ ಸಿಟ್ಟು ಬಂದೀತು. ಬರಲಿ, ನನಗೂ ಬಂದಿದೆ.

ನನ್ನ ತವರು ಬನಹಟ್ಟಿ. ಮುಂದಿನ ಪಡಸಾಲೆಯಲ್ಲಿ ಮಗ್ಗ, ಹಿಂದೆ ನಾವು. ಕರೆಂಟು ಇರುವಷ್ಟು ಹೊತ್ತೂ ಮನೆಯೆಲ್ಲ ಖಟಖಟ ಎನ್ನುತ್ತಿತ್ತು. ನಮ್ಮೂರಿನವರು ಮಾತಾಡುವುದನ್ನು ಕೇಳಿದರೆ ಹೊರಗಿನವರಿಗೆ ಜಗಳ ಹತ್ತಿದೆ ಎನ್ನಿಸುತ್ತದೆ. ಜಗಳವೂ ಇಲ್ಲ ಏನೂ ಇಲ್ಲ, ಮಗ್ಗದ ಸದ್ದಿನ ಮೇಲೆ ಮಾತು ಕೇಳಿಸಬೇಕಲ್ಲ. ಲಾಳಿಯೊಳಗೆ ಕೂಡಿಸುವ ಸಣ್ಣ ನೂಲಿನ ಕಂಡಕಿ ಸುತ್ತುವುದು ಮನೆಯ ಹೆಣ್ಣುಮಕ್ಕಳ ಕೆಲಸ. ನಾನು ಕಂಡಕಿ ಸುತ್ತುತ್ತ ಇಂಗ್ಲಿಷ್ ಪಾಠ ಒದರುತ್ತಿದ್ದೆ. ಬಾಯಿಪಾಠ ಎಂದರೆ ನನ್ನ ಪಾಲಿಗೆ ನಿಜವಾಗಿಯೂ ಬಾಯಿಯ ಕೆಲಸವೇ ಆಗಿತ್ತು.

ಒದರಲು ಕಲಿಸಿದವರು ನಮ್ಮ ಹೈಸ್ಕೂಲಿನ ಇಂಗ್ಲಿಷ್ ಸರ್. ಹುಡುಗರು ಅವರಿಗೆ ‘ಬಾಲದ ಸರ್’ ಎಂದು ಹೆಸರಿಟ್ಟಿದ್ದರು. ಇಂಗ್ಲಿಷಿನ ಕ್ರಿಯಾಪದಗಳ ಹಿಂದೆ ಬರುವ ಅಪ್, ಡೌನ್, ಇನ್, ಔಟ್ ಇವಕ್ಕೆಲ್ಲ ಅವರು ವ್ಯಾಕರಣದ ಹೆಸರು ಹೇಳಿದವರೇ ಅಲ್ಲ. ಬೋರ್ಡಿನ ಮೇಲೆ ಒಂದು ಎಮ್ಮೆಯ ಚಿತ್ರ ಬರೆದು ನಿಲ್ಲುತ್ತಿದ್ದರು. ಆ ಎಮ್ಮೆ ನೋಡಲು ಕತ್ತೆಯ ಹಾಗೆ ಇರುತ್ತಿತ್ತು.

‘ಇದು ಲುಕ್. ಬಡಪಾಯಿ. ಸುಮ್ನ ನೋಡ್ತದ, ಅಷ್ಟ,’ ಎನ್ನುವರು. ‘ಹಿಂದ ಆಫ್ಟರ್ ಅಂತ ಬಾಲಾ ಹಚ್ಚಿದೆ ನೋಡು, ಜ್ವಾಪಾನ ಮಾಡಾಕ ನಿಂತತು. ಫಾರ್ ಹಚ್ಚಿದೆ, ಹುಡಕಾಕ ಹೊಂಟತು. ಡೌನ್, ಆನ್ ಎರಡೂ ಕೂಡಿಸಿ ಹಚ್ಚಿದೆ, ಮಂದೀನ ಕೀಳಾಗಿ ನೋಡಾಕ ಹತ್ತಿತು. ಎಮ್ಮಿ ಅದ ಐತೇನ್ರಲೇ? ಅದ ಐತಿ. ಬದಲಾಗಿದ್ದು ಬಾಲಾ!’

ಇಡೀ ತರಗತಿ ನಗುತ್ತಿತ್ತು. ಮನೆಗೆ ಬಂದು ನಾನು ಎಮ್ಮೆಗಳಿಗೆ ಬಾಲ ಹಚ್ಚುತ್ತ ಕಂಡಕಿ ಸುತ್ತುತ್ತಿದ್ದೆ. ಬ್ರಿಂಗ್ ಅಪ್, ಬ್ರಿಂಗ್ ಔಟ್, ಬ್ರಿಂಗ್ ಅಬೌಟ್. ಅಪ್ಪ ಹೊರಗಿನವರ ಮುಂದೆ, ‘ನಮ್ಮ ಹುಡುಗಿ ಇಂಗ್ಲೀಷ್ ಒದರಾಕತ್ತಳಂದ್ರ ಮಗ್ಗದ ಸಪ್ಪಳಾನ ಕೇಳಸಂಗಿಲ್ರಿ’ ಎಂದು ಹೇಳಿಕೊಳ್ಳುತ್ತಿದ್ದ. ಆಗ ಅದು ನನಗೆ ದೊಡ್ಡ ಹೊಗಳಿಕೆ. ಬಿ.ಎ.ಯಲ್ಲಿ ಇಂಗ್ಲಿಷ್ ತೆಗೆದುಕೊಂಡೆ. ಬಾಲದ ಸರ್ ನಿವೃತ್ತಿಯಾದ ಮೇಲೆ ಅದೇ ಬೋರ್ಡಿನ ಮುಂದೆ ನಾನು ನಿಲ್ಲಬೇಕು, ಅವರಿಗಿಂತ ಚಂದ ಎಮ್ಮೆ ಬರೆಯಬೇಕು ಎಂದು ನನ್ನಷ್ಟಕ್ಕೆ ನಾನೇ ಠರಾವು ಮಾಡಿಕೊಂಡಿದ್ದೆ.

ಠರಾವು ನನ್ನಷ್ಟಕ್ಕೇ ಉಳಿಯಿತು. ಪರೀಕ್ಷೆಯ ಫಲಿತಾಂಶ ಬರುವುದಕ್ಕೂ ಮೊದಲೇ ಕನ್ಯೆ ನೋಡಲು ಜಮಖಂಡಿಯಿಂದ ಬಂದರು. ಗೊಬ್ಬರ, ಬೀಜದ ಅಂಗಡಿಯವರು. ಮೊದಲೆಲ್ಲ ನಮ್ಮ ಕಡೆ ಕನ್ಯೆ ನೋಡಲು ಬಂದವರು ಹುಡುಗಿಗೆ ಸೂಜಿಯಲ್ಲಿ ದಾರ ಪೋಣಿಸಲು ಹೇಳುತ್ತಿದ್ದರು, ಅಕ್ಕಿ ಆರಿಸಲು ಹೇಳುತ್ತಿದ್ದರು, ನಾಲ್ಕು ಹೆಜ್ಜೆ ನಡೆಸಿ ಕಾಲು ಸರಿಯಿದೆಯೇ ಎಂದು ನೋಡುತ್ತಿದ್ದರು. ನನ್ನ ಹೊತ್ತಿಗೆ ಕಾಲ ಸುಧಾರಿಸಿತ್ತು. ಸೂಜಿ ಹೋಗಿ ಇಂಗ್ಲಿಷ್ ಬಂದಿತ್ತು.

ಪರೀಕ್ಷೆ ಮಾಡಲೆಂದೇ ಮುಧೋಳದಿಂದ ವರನ ದೊಡ್ಡಪ್ಪನನ್ನು ಕರೆತಂದಿದ್ದರು. ಆತ ಕೋಟಿನ ಗುಂಡಿ ಹಾಕಿಕೊಂಡು ಕೇಳಿದ: ‘ಪುಟ್ ಆನ್, ಪುಟ್ ಆಫ್, ಪುಟ್ ಅಪ್ ವಿತ್. ಮೂರನ್ನೂ ವಾಕ್ಯದಾಗ ಹಾಕಿ ಹೇಳವಾ ನೋಡೂಣು.’

ನನಗೋ ಒಳಗೊಳಗೇ ಹಿಗ್ಗು. ಪುಟ್ ಆನ್‌ಗೆ ಯಾರದೋ ತಲೆಗೆ ಟೋಪಿ ಹಾಕಿದೆ. ಪುಟ್ ಆಫ್‌ಗೆ ಒಂದು ಸಭೆ ಮುಂದೂಡಿದೆ. ಮೂರನೆಯದಕ್ಕೆ ಗೈಡಿನಲ್ಲಿದ್ದ ವಾಕ್ಯವನ್ನೇ ಒಂದೇ ಉಸಿರಿನಲ್ಲಿ ಒದರಿದೆ: ‘ಎ ಗುಡ್ ವೈಫ್ ಪುಟ್ಸ್ ಅಪ್ ವಿತ್ ಎವ್ರಿಥಿಂಗ್.’ ಒಳ್ಳೆಯ ಹೆಂಡತಿ ಎಲ್ಲವನ್ನೂ ಸಹಿಸಿಕೊಂಡು ಹೋಗುತ್ತಾಳೆ. ಆ ಗೈಡು ಬರೆದ ಮಹಾರಾಯ ಯಾರೋ, ಅವನ ಹೆಂಡತಿ ಏನೇನು ಸಹಿಸಿದ್ದಳೋ, ಆಗ ನಾನು ಯೋಚನೆ ಮಾಡಲಿಲ್ಲ. ಉತ್ತರ ಸರಿಯಿತ್ತು, ಅಷ್ಟು ಸಾಕಾಗಿತ್ತು.

ಮಾವನವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ದೊಡ್ಡಪ್ಪ ಕನ್ನಡದಲ್ಲಿ ಬಿಡಿಸಿ ಹೇಳಿದ. ಕೇಳಿದವರೇ ತೊಡೆ ತಟ್ಟಿಕೊಂಡು, ‘ಮುಗೀತ ಬಿಡ್ರಿ, ಇನ್ನ ಬ್ಯಾರೆ ಕನ್ಯಾ ನೋಡೂದ ಬ್ಯಾಡ’ ಎಂದರು. ಬಹುಮಾನ ಬಂದವಳ ಹಾಗೆ ನಾನು ತಲೆ ತಗ್ಗಿಸಿ ನಕ್ಕೆ. ಹಳ್ಳಕ್ಕೆ ಬೀಳುವಾಗಲೂ ನಗಬಹುದು ಎಂದು ಆ ದಿನ ಗೊತ್ತಾಗಲಿಲ್ಲ.

ಮದುವೆಯಾದ ಮರು ವರ್ಷ ಇಲ್ಲಿನ ಒಂದು ಶಾಲೆಯವರು ಇಂಗ್ಲಿಷ್ ಕಲಿಸಲು ಬರುತ್ತೀರಾ ಎಂದು ಮನೆತನಕ ಬಂದು ಕೇಳಿದರು. ಮಾವನವರು ಅವರಿಗೆ ಚಹಾ ಕುಡಿಸಿದರು, ಎಲೆ ಅಡಿಕೆ ಕೊಟ್ಟರು, ‘ನಮ್ಮ ಸೊಸಿ ಇಂಗ್ಲೀಷ್ ನಮ್ಮ ಮನಿಗಿರ್ಲಿ ಬಿಡ್ರಿ, ಮಂದಿಗ್ಯಾಕ?’ ಎಂದು ಕಳಿಸಿದರು. ಮನೆಗೆ ಅದರಿಂದ ಆದ ಉಪಯೋಗ ಏನು? ಅಂಗಡಿಗೆ ಬಂದ ಹೊಸ ಔಷಧಿಯ ಡಬ್ಬಿಯ ಮೇಲೆ ಏನು ಬರೆದಿದೆ ಎಂದು ಓದಿ ಹೇಳುವುದು. ಇನ್ನೊಂದು, ಬೀಗರು ಬಂದಾಗ ಆ ವಾಕ್ಯ ಹೇಳುವುದು. ಉಪ್ಪಿಟ್ಟಿನ ತಾಟು ಇಟ್ಟು ತಿರುಗುವಷ್ಟರಲ್ಲಿ ಮಾವನವರು, ‘ಅದೊಂದ ಹೇಳವಾ, ಕನ್ಯಾ ನೋಡಾಕ ಬಂದಾಗ ಹೇಳಿದ್ದಿ ನೋಡು’ ಎನ್ನುವರು. ಕೆಲವರ ಮನೆಯಲ್ಲಿ ಮುಧೋಳದ ನಾಯಿ ಸಾಕಿರುತ್ತಾರೆ, ಬಂದವರ ಮುಂದೆ ಓಡಿಸಿ ತೋರಿಸುತ್ತಾರೆ. ನಮ್ಮ ಮನೆಯಲ್ಲಿ ನಾನಿದ್ದೆ. ಮಾವನವರು ಸಾಯುವ ತನಕ ಹೇಳಿದೆ. ಸತ್ತ ಮೇಲೆ ನನ್ನ ಯಜಮಾನರು ಹೇಳಿಸಲು ಶುರು ಮಾಡಿದರು.

ದಿನಕ್ಕೆ ಹತ್ತು ಸಲ ಭಕ್ರಿ ಬಡಿಯುತ್ತ, ಪಾತ್ರೆ ತಿಕ್ಕುತ್ತ ನಾನು ಕನ್ನಡದ ಬಾಲಗಳನ್ನೂ ಯೋಚಿಸಿದ್ದೇನೆ. ನಮ್ಮ ಭಾಷೆಯೇನು ಕಡಿಮೆಯೇ? ಬಿಡು ಎನ್ನುವುದಕ್ಕೆ ಕೊಡು ಹಚ್ಚಿದರೆ ಬಿಟ್ಟುಕೊಡು. ಸೊಸೆಯಾದವಳಿಗೆ ಹೇಳುವ ಮಾತುಗಳಿಗಂತೂ ಒಂದೇ ಬಾಲ. ಹೊಂದಿಕೊಂಡು ಹೋಗು. ಸುಧಾರಿಸಿಕೊಂಡು ಹೋಗು. ಮುಚ್ಚಿಕೊಂಡು ಹೋಗು. ತವರಿಗೆ ಹೋದಾಗ ಅಪ್ಪ ಹೇಳಿದ್ದೂ ಇದನ್ನೇ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಗುರುತಿಲ್ಲದ ಮುದುಕಿ ಹೇಳಿದ್ದೂ ಇದನ್ನೇ. ಇಷ್ಟು ಸಲ ಹೋಗು ಎನ್ನಿಸಿಕೊಂಡವಳು ನಾನು, ಜಮಖಂಡಿಯ ಬಜಾರ ದಾಟಿ ಎಲ್ಲಿಯೂ ಹೋಗಲಿಲ್ಲ.

ಹೋದವಳು ನನ್ನ ಮಗಳು ಶ್ವೇತಾ. ಅವಳಿಗೆ ಇಂಗ್ಲಿಷ್ ಕಲಿಸಿದ್ದು ನಾನೇ, ಅಡುಗೆಮನೆಯ ನೆಲದ ಮೇಲೆ, ಸೀಮೆಸುಣ್ಣದಲ್ಲಿ ಎಮ್ಮೆ ಬರೆದು. ನನ್ನ ಎಮ್ಮೆಯೂ ಕತ್ತೆಯ ಹಾಗೆಯೇ ಬಂತು. ಅವಳು ಎಂ.ಎ. ಮಾಡಿದಳು, ಬಿ.ಎಡ್. ಮಾಡಿದಳು, ಪರೀಕ್ಷೆ ಪಾಸಾಗಿ ಬೀಳಗಿ ಕಡೆಯ ಒಂದು ಸರಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಶಿಕ್ಷಕಿಯಾದಳು. ಅಲ್ಲೇ ಒಂದು ಕೋಣೆ ಮಾಡಿಕೊಂಡಿದ್ದಾಳೆ, ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತಾಳೆ. ಬಂದವಳು ಚಪ್ಪಲಿ ಬಿಡುತ್ತಲೇ ಶಾಲೆಯ ಸುದ್ದಿ ಶುರು ಮಾಡುತ್ತಾಳೆ. ಆ ಸುದ್ದಿಗಾಗಿ ನಾನು ವಾರವಿಡೀ ಕಾಯುತ್ತೇನೆ ಎಂದು ಅವಳಿಗೆ ಗೊತ್ತಿದೆಯೋ ಇಲ್ಲವೋ.

ಒಮ್ಮೆ ಹೀಗಾಯಿತು. ಲುಕ್ ಆಫ್ಟರ್ ಬಳಸಿ ವಾಕ್ಯ ಬರೆಯಿರಿ ಎಂದು ಮಕ್ಕಳಿಗೆ ಹೇಳಿದ್ದಳಂತೆ. ಕುರಿ ಕಾಯುವವರ ಮನೆಯ ಹುಡುಗಿಯೊಬ್ಬಳು ಎರಡು ವಾಕ್ಯ ಬರೆದಿದ್ದಳು. ‘ಮೈ ಫಾದರ್ ಲುಕ್ಸ್ ಆಫ್ಟರ್ ಶೀಪ್. ಶೀಪ್ ಲುಕ್ ಆಫ್ಟರ್ ಮೈ ಗ್ರ್ಯಾಂಡ್‌ಮದರ್.’ ಅಪ್ಪ ಕುರಿಗಳನ್ನು ನೋಡಿಕೊಳ್ಳುತ್ತಾನೆ, ಕುರಿಗಳು ಅಜ್ಜಿಯನ್ನು ನೋಡಿಕೊಳ್ಳುತ್ತವೆ. ಶ್ವೇತಾ ಕರೆದು ಕೇಳಿದರೆ, ‘ಖರೇರಿ ಟೀಚರ, ಅಜ್ಜಿಗಿ ಕಣ್ಣ ಕಾಣಂಗಿಲ್ಲ. ಸಂಜಿಕ ಕುರಿ ಹಿಂದ ಹಿಂದ ಮನಿಗಿ ಬರ್ತಾಳ್ರಿ’ ಎಂದಳಂತೆ. ‘ನಾ ಕಲಸಿದ್ಕಿಂತ ಛಲೋ ಬರದಾಳವಾ’ ಎನ್ನುವಾಗ ಶ್ವೇತಾಳ ಮುಖ ನೋಡಬೇಕಿತ್ತು ನೀವು. ನಾನು ಆಸೆಪಟ್ಟದ್ದು ಅದನ್ನೇ, ಆ ಮುಖವನ್ನೇ. ನನಗೆ ಹೊಟ್ಟೆಕಿಚ್ಚೂ ಆಯಿತು, ಹೊಟ್ಟೆ ತುಂಬಿದ ಹಾಗೂ ಆಯಿತು.

ಹೋದ ತಿಂಗಳು ಲೋಕಾಪುರದಿಂದ ಸಂಬಂಧ ಬಂತು. ಲಾರಿ, ಟ್ರ್ಯಾಕ್ಟರು, ಕಬ್ಬಿನ ಹೊಲ ಎಲ್ಲ ಇರುವ ಮನೆ. ನಡುವಿನವರು ಬಂದು ನಮ್ಮ ಯಜಮಾನರ ಮುಂದೆ ಕೂತು, ‘ಅವರಿಗೆ ಇಂಗ್ಲೀಷ್ ಬಲ್ಲ ಹುಡುಗೀನ ಬೇಕಂತ್ರಿ. ಆದ್ರ ಲಗ್ನ ಆದಮ್ಯಾಲ ನೌಕರಿ ಬಿಡಬೇಕಂತ’ ಎಂದರು. ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಯಜಮಾನರು ಒಂದು ಗಳಿಗೆಯೂ ತಡೆಯಲಿಲ್ಲ. ‘ಬಿಡತಾಳ ತಗೋರಿ, ನಮ್ಮ ಮಾತ ಮೀರಂಗಿಲ್ಲ’ ಎಂದರು. ಮಗಳನ್ನು ಒಂದು ಮಾತು ಕೇಳಲಿಲ್ಲ, ನನ್ನನ್ನು ಕೇಳುವ ಪ್ರಶ್ನೆಯೇ ಇಲ್ಲ. ಶನಿವಾರ ಶ್ವೇತಾ ಬಂದಾಗ ಎಲ್ಲ ಹೇಳಿದೆ. ಅವಳು ಚೀಲ ಗೂಟಕ್ಕೆ ಹಾಕಿ, ‘ಬರ್ಲಿ ಬಿಡು’ ಎಂದಳು. ಆ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ.

ಭಾನುವಾರ ಬಂದರು. ಹುಡುಗ, ಹುಡುಗನ ತಾಯಿ, ಹುಡುಗನ ಕಾಕಾ. ಹುಡುಗ ಕೂತವನೇ ಮೊಬೈಲು ತೆಗೆದ. ನಾನು ಅವಲಕ್ಕಿ ಕೊಟ್ಟು, ಚಹಾ ಕೊಟ್ಟು, ಪದ್ಧತಿಯಂತೆ ಅಡುಗೆಮನೆಯ ಬಾಗಿಲಿಗೆ ಆತು ನಿಂತೆ. ಶ್ವೇತಾ ಸೀರೆ ಉಟ್ಟು ಬಂದು ಮಣೆಯ ಮೇಲೆ ಕೂತಳು. ಹೆಸರು ಕೇಳಿದರು, ಹೇಳಿದಳು. ಕಾಕಾ ಗಂಟಲು ಸರಿಮಾಡಿಕೊಂಡರು.

‘ಇಂಗ್ಲೀಷ್ ಟೀಚರ್ ಅಂತ ಹೌದಿಲ್ಲವಾ? ಹಂಗಾದ್ರ ಒಂದ ಕೇಳತೀನಿ. ಗಿವ್ ಅಪ್ ಅಂದ್ರೇನು, ಗಿವ್ ಇನ್ ಅಂದ್ರೇನು? ವಾಕ್ಯದಾಗ ಹಾಕಿ ಹೇಳು ನೋಡೂಣು.’

ಇಷ್ಟು ವರ್ಷವಾದರೂ ಪ್ರಶ್ನೆಪತ್ರಿಕೆ ಬದಲಾಗಿಲ್ಲ. ಪುಟ್ ಹೋಗಿ ಗಿವ್ ಬಂದಿದೆ, ಅಷ್ಟೆ. ಒಂದಕ್ಕೆ ಬಿಟ್ಟುಬಿಡುವುದು, ಇನ್ನೊಂದಕ್ಕೆ ಸೋತು ಒಪ್ಪಿಕೊಳ್ಳುವುದು ಎಂದು ನನ್ನ ನಾಲಿಗೆ ತಾನಾಗಿಯೇ ಒಳಗೆ ಉತ್ತರ ಹೇಳಿತು, ದನಕ್ಕೆ ದಾರಿ ರೂಢಿಯಾದ ಹಾಗೆ. ನನ್ನ ನಾಲಿಗೆಯ ಮೇಲೆ ನನಗೇ ಹೇಸಿಗೆಯಾಯಿತು.

ಶ್ವೇತಾ ತಲೆ ಎತ್ತಿದಳು. ‘ನನಗ ಇಂಗ್ಲೀಷ್ ಬರಂಗಿಲ್ರಿ,’ ಎಂದಳು.

ಕಾಕಾ ಚಹಾದ ಬಶಿ ಕೆಳಗಿಟ್ಟರು. ನಮ್ಮ ಯಜಮಾನರು ಗಾಬರಿಯಲ್ಲಿ ಜೋರಾಗಿ ನಕ್ಕು, ‘ನಾಚಾಕತ್ತಾಳ್ರಿ! ದಿನಾ ಹುಡುಗೂರಿಗಿ ಅದನ್ನ ಕಲಸ್ತಾಳ’ ಎಂದರು.

‘ಬರಂಗಿಲ್ರಿ,’ ಎಂದಳು ಶ್ವೇತಾ ಮತ್ತೊಮ್ಮೆ.

ಕಾಕಾ ನನ್ನ ಕಡೆ ತಿರುಗಿದರು. ‘ಅಕ್ಕಾರ, ನೀವೂ ಇಂಗ್ಲೀಷ್ ಕಲತಾವ್ರಂತ ಕೇಳೇನಿ. ನೀವ ಹೇಳ್ರಿ. ಹುಡುಗಿಗಿ ಬರತೈತೋ ಇಲ್ಲೋ?’

ಯಜಮಾನರು ನನ್ನನ್ನು ಕಣ್ಣಲ್ಲೇ ಸುಡುತ್ತಿದ್ದರು. ಇಡೀ ಮನೆ ನನ್ನ ಬಾಯಿ ನೋಡುತ್ತಿತ್ತು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ಕಲಿಸಿದ ಅಷ್ಟನ್ನೂ ನಾನು ಒಂದೇ ಮಾತಿಗೆ ಅಳಿಸಬೇಕಿತ್ತು.

‘ಆಕಿ ಹೇಳಿದ್ದ ಖರೆ ಐತ್ರಿ,’ ಎಂದೆ. ‘ಆಕಿಗಿ ಇಂಗ್ಲೀಷ್ ಬರಂಗಿಲ್ಲ.’

ಮುಗಿಯಿತು, ಇನ್ನು ‘ಹೇಳಿ ಕಳಸ್ತೇವ್ರಿ’ ಎಂದು ಎದ್ದು ಹೋಗುತ್ತಾರೆ ಎಂದುಕೊಂಡೆ. ನಮ್ಮ ಕಡೆ ಹೇಳಿ ಕಳಿಸುತ್ತೇವೆ ಎಂದರೆ ಬೇಡ ಎಂದೇ ಲೆಕ್ಕ. ಹಾಗೆ ಹೇಳುವ ಹಕ್ಕು ಗಂಡಿನ ಕಡೆಯವರದ್ದು. ಹೇಳಲಿ, ಹೋಗಲಿ ಎಂದು ಮನಸ್ಸಿನಲ್ಲೇ ದೇವರಿಗೆ ಕೈಮುಗಿದೆ. ಆದರೆ ಹುಡುಗನ ತಾಯಿ ಮೊಣಕಾಲಿಗೆ ಕೈಕೊಟ್ಟು ಮುಂದೆ ಸರಿದು ಕೂತಳು. ಅವಳ ಮುಖ ಅರಳಿತ್ತು.

‘ಬರದಿದ್ರ ಛಲೋನ ಆತ ಬಿಡ್ರಿ! ಇಂಗ್ಲೀಷ್ ಬೇಕಂತ ಹಟಾ ಹಿಡದಾವ್ರು ಇವರು, ನನಗೇನ ಬೇಕಾಗಿದ್ದಿಲ್ಲ. ಬಂದಾವ್ರು ಒಂದಕ್ಕೆರಡ ಮಾತಾಡ್ತಾರ. ಬರಲಾರದಾಕಿ ನೌಕರಿ ಬಿಡು ಅಂದ್ರ ಬಿಡತಾಳ, ಕೂಡು ಅಂದ್ರ ಕೂಡತಾಳ. ನಮಗ ಒಪ್ಪಿಗಿ ಐತ್ರಿ.’

ಹುಡುಗ ಮೊದಲ ಸಲ ಮೊಬೈಲಿನಿಂದ ಕಣ್ಣು ಎತ್ತಿ ನೋಡಿದ. ಕಾಕಾ, ‘ಅದೂ ಖರೇನ’ ಎಂದರು. ಬಂದರೆ ಮೆರವಣಿಗೆಗೆ, ಬರದಿದ್ದರೆ ಮೂಲೆಗೆ, ಒಟ್ಟಿನಲ್ಲಿ ಅವರಿಗೆ ನಷ್ಟವೇ ಇಲ್ಲ. ಹುಡುಗನ ತಾಯಿ ಚೀಲ ತೆಗೆದಳು. ಒಳಗಿಂದ ತೆಂಗಿನಕಾಯಿ ಬಂತು, ಕುಬಸದ ಖಣ ಬಂತು.

‘ಕುಂಕುಮದ ಬಟ್ಟಲಾ ತರ್ರಿ ಅಕ್ಕಾರ. ಈಗ ಉಡಿ ತುಂಬಿಬಿಡತೀನಿ.’

ಇದು ನಮ್ಮ ಕಡೆಯ ಪದ್ಧತಿ. ಕನ್ಯೆ ಮನಸ್ಸಿಗೆ ಬಂದರೆ ಅಲ್ಲೇ ಕೂತಲ್ಲೇ ಉಡಿ ತುಂಬುತ್ತಾರೆ. ಕಾಯಿ, ಖಣ ಅವರು ತಂದಿರುತ್ತಾರೆ, ಕುಂಕುಮ ಮಾತ್ರ ಹುಡುಗಿಯ ಮನೆಯದೇ ಆಗಬೇಕು, ತಾಯಿಯೇ ದೇವರ ಕೋಣೆಯಿಂದ ತಂದು ಕೊಡಬೇಕು. ಉಡಿ ತುಂಬಿದರೆ ಮುಗಿಯಿತು, ಆಮೇಲೆ ಇಲ್ಲ ಎನ್ನುವಂತಿಲ್ಲ. ಅಷ್ಟೆಲ್ಲ ಮಾತುಕತೆಯಲ್ಲಿ ತಾಯಿಗೆ ಇರುವ ಕೆಲಸ ಅದೊಂದೇ.

‘ಹೋಗು, ತಾ,’ ಎಂದರು ಯಜಮಾನರು. ಅವರ ದನಿಯಲ್ಲಿ ಆಗಲೇ ಖುಷಿ ತುಂಬಿತ್ತು.

ಶ್ವೇತಾ ಸೆರಗು ಒಡ್ಡಿರಲಿಲ್ಲ. ಎರಡೂ ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹೆಣೆದುಕೊಂಡು ನನ್ನನ್ನೇ ನೋಡುತ್ತಿದ್ದಳು.

‘ನಾ ತರಂಗಿಲ್ರಿ,’ ಎಂದೆ.

ಕೇಳಿಸಲಿಲ್ಲವೇನೋ ಎಂಬಂತೆ ಹುಡುಗನ ತಾಯಿ, ‘ಆಂ?’ ಎಂದಳು. ನಾನು ಬಾಗಿಲು ಬಿಟ್ಟು ನಡುಮನೆಗೆ ಬಂದು ನಿಂತೆ. ‘ಆಕಿ ನೌಕರಿ ಬಿಡಂಗಿಲ್ಲ. ನಮಗ ಒಪ್ಪಿಗಿ ಇಲ್ರಿ. ಕಾಯಿ ಚೀಲದಾಗ ಇಟಗೋರಿ.’ ಮಾತು ಪೂರ್ತಿ ಬಂತು.

‘ಹೆಣ್ಣಿನ ಕಡಿಯಾವ್ರು ಹಿಂಗ ಮಾತಾಡಿದ್ದ ನಾ ಎಲ್ಲೂ ಕೇಳಿಲ್ಲ,’ ಎನ್ನುತ್ತ ಕಾಕಾ ಎದ್ದರು. ಅವರ ಹಿಂದೆ ಉಳಿದವರೂ ಎದ್ದರು. ಯಜಮಾನರು ಅವರನ್ನು ಗಾಡಿಯ ತನಕ ಕೈಮುಗಿಯುತ್ತ ಕಳಿಸಿ ಬಂದು, ‘ಮಂದ್ಯಾಗ ಮಾನಾ ತಗದಿ’ ಎಂದು ಒಂದು ಮಾತು ಅಂದು ಅಂಗಡಿಗೆ ಹೋದರು. ಅವತ್ತಿನಿಂದ ನನ್ನ ಜೊತೆ ಮಾತಿಲ್ಲ. ಉಪ್ಪು ಬೇಕಾದರೆ ಗೋಡೆಗೆ ಕೇಳುತ್ತಾರೆ, ನಾನು ಗೋಡೆಯ ಪರವಾಗಿ ಕೊಡುತ್ತೇನೆ. ಊರಲ್ಲಿ ಸುದ್ದಿ ಎರಡು ಹಬ್ಬಿವೆ. ಆ ಹುಡುಗಿಗೆ ಇಂಗ್ಲಿಷ್ ಬರುವುದಿಲ್ಲವಂತೆ, ಅವಳ ತಾಯಿಯ ಬಾಯಿ ಬಹಳ ಜೋರಂತೆ. ಇನ್ನು ಈ ಮನೆಗೆ ಯಾರು ಬರುತ್ತಾರೆ ಎಂದು ನಾದಿನಿ ಫೋನಿನಲ್ಲಿ ಅತ್ತಳು. ನನಗೆ ಅಳು ಬರಲಿಲ್ಲ. ಗೆದ್ದೆ ಎಂದೂ ಅನ್ನಿಸಲಿಲ್ಲ.

ಆ ದಿನ ಸಂಜೆ ಶ್ವೇತಾ ಬೀಳಗಿಯ ಬಸ್ಸಿಗೆ ಹೊರಟಿದ್ದಳು. ಸೀರೆ ಬಿಚ್ಚಿ ಮಡಿಸಿಟ್ಟು ಚೂಡಿದಾರ ಹಾಕಿಕೊಂಡು ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು. ನಾನು ಭಕ್ರಿ, ಶೇಂಗಾ ಹಿಂಡಿ ಕಟ್ಟಿಕೊಡುತ್ತ, ಮಗಳು ಈಗ ಏನಾದರೂ ಒಂದು ಒಳ್ಳೆಯ ಮಾತು ಆಡುತ್ತಾಳೆ ಎಂದು ಆಸೆಯಿಂದ ಕಾಯುತ್ತಿದ್ದೆ. ಅವಳು ಚೀಲದ ಚೈನು ಎಳೆದು ನನ್ನ ಕಡೆ ತಿರುಗಿದಳು.

‘ಅವ್ವಾ, ನಿನ್ನ ನೋಡಾಕ ಬಂದಾಗ ನಿಮ್ಮವ್ವ ಎಲ್ಲಿದ್ದಳಬೇ?’

ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಕುಹಕವೂ ಇರಲಿಲ್ಲ. ತಿಳಿದುಕೊಳ್ಳಲು ಕೇಳಿದ್ದಳು. ನನಗೆ ಆ ಪಡಸಾಲೆ, ನಿಂತ ಮಗ್ಗ, ತಲೆ ತಗ್ಗಿಸಿ ನಗುತ್ತ ಕೂತ ನಾನು ಎಲ್ಲವೂ ಕಂಡವು. ಅವ್ವ ಮಾತ್ರ ಎಷ್ಟು ಹುಡುಕಿದರೂ ಅಲ್ಲಿ ಕಾಣಲಿಲ್ಲ.

‘ಕುಂಕುಮ ತರಾಕ ಒಳಗ ಹೋಗಿದ್ಳು,’ ಎಂದೆ.